ಜೇಬಿನ ಆಲ್ಕೋಮೀಟರ್ ಕೊಳ್ಳಬೇಕೇ, ಕರೆದರೆ ಬರುವ ಡ್ರೈವರ್ ಸಾಕೇ?

ಆನ್‌ಲೈನ್ ಅಂಗಡಿಗಳಲ್ಲಿ ‘ಆಲ್ಕೋಹಾಲ್ ಟೆಸ್ಟರ್’ ಎಂದು ಹುಡುಕಿದರೆ ಕೀ ಚೈನಿಗೆ ನೇತುಹಾಕುವ ಗಾತ್ರದ್ದರಿಂದ ಹಿಡಿದು ಟೀವಿ ರಿಮೋಟಿನಷ್ಟು ಉದ್ದದ್ದರವರೆಗೆ ಸಾಲು ಸಾಲು ಆಲ್ಕೋಮೀಟರ್‌ಗಳು, ಅಂದರೆ ಊದಿದ ಉಸಿರಿನಿಂದ ರಕ್ತದಲ್ಲಿ ಎಷ್ಟು ಆಲ್ಕೋಹಾಲ್ ಇದೆ ಎಂದು ತೋರಿಸುವ ಯಂತ್ರಗಳು ಬರುತ್ತವೆ. ಒಂದು ಕಾಲಕ್ಕೆ ಟ್ರಾಫಿಕ್ ಪೊಲೀಸರ ಕೈಯಲ್ಲೋ ಕಾರ್ಖಾನೆಯ ಗೇಟಿನಲ್ಲೋ ಮಾತ್ರ ಕಾಣುತ್ತಿದ್ದ ಸಾಮಾನು ಈಗ ಕಾರಿನ ಗ್ಲೋವ್ ಬಾಕ್ಸಿಗೂ ಬಂದಿದೆ. ಬೆಂಗಳೂರಿನಲ್ಲಿ ಇದರ ಜೊತೆಗೇ ಇನ್ನೊಂದು ಸೇವೆಯೂ ಬೇರೂರಿದೆ. ಆ್ಯಪ್‌ನಲ್ಲಿ ಬುಕ್ ಮಾಡಿದರೆ ಡ್ರೈವರ್ ಬಂದು ನಮ್ಮದೇ ಕಾರಿನಲ್ಲಿ ನಮ್ಮನ್ನು ಕೂರಿಸಿಕೊಂಡು ಮನೆ ಮುಟ್ಟಿಸುತ್ತಾನೆ. ಇವೆರಡನ್ನೂ ಒಟ್ಟಿಗೆ ತೂಗಿ ನೋಡಲು ಕಾರಣವಿದೆ. ಜನ ಯಂತ್ರ ಕೊಳ್ಳುವುದು ರಾತ್ರಿ ಬಾರಿನಿಂದ ಹೊರಡುವಾಗ ಊದಿ ನೋಡೋಣ ಎಂದುಕೊಂಡು. ಆ ಹೊತ್ತಿಗೆ ಅದರ ಮಾತು ನಂಬುವಂಥದ್ದಲ್ಲ. ಅದು ಕೆಲಸಕ್ಕೆ ಬರುವುದು ಮಾರನೇ ಬೆಳಗ್ಗೆ. ರಾತ್ರಿಗೆ ಬೇಕಾದದ್ದು ಡ್ರೈವರ್.

ಮೊದಲು ಅಂಕಿಗಳನ್ನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ಗಾಡಿ ಓಡಿಸುವುದು, ಓಡಿಸಲು ಹೊರಡುವುದು ಎರಡೂ ಅಪರಾಧ. 2019ರ ಸೆಪ್ಟೆಂಬರ್ 1ಕ್ಕೆ ಮುಂಚೆ ಮೊದಲ ಸಲ ಸಿಕ್ಕಿಬಿದ್ದರೆ ದಂಡ 2,000 ರೂಪಾಯಿವರೆಗೆ ಇತ್ತು. ಈಗ 10,000 ರೂಪಾಯಿ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲಕ್ಕೆ 15,000 ರೂಪಾಯಿ, 2 ವರ್ಷದವರೆಗೆ ಜೈಲು. ಡಿಎಲ್ ಕನಿಷ್ಠ ಮೂರು ತಿಂಗಳು ಅಮಾನತಾಗಬೇಕು ಎಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಹೇಳಿದೆ. ಹಳೆಯ ಎರಡು ಸಾವಿರ ರೂಪಾಯಿ ಪಾರ್ಟಿ ಖರ್ಚಿನಲ್ಲೇ ಸೇರಿಹೋಗುವಂಥದ್ದು, ನಾಲ್ಕು ಜನ ಹಂಚಿಕೊಂಡರೆ ಗೊತ್ತೂ ಆಗುತ್ತಿರಲಿಲ್ಲ. ಹತ್ತು ಸಾವಿರ, ಗಾಡಿ ಠಾಣೆಯಲ್ಲಿ, ಬಿಡಿಸಿಕೊಳ್ಳಲು ಕೋರ್ಟಿಗೆ ಅಲೆದಾಟ ಎಂದಾಗ ಲೆಕ್ಕ ಬೇರೆಯಾಯಿತು. ಬೆಂಗಳೂರಿನ ಮೇಜುಗಳಲ್ಲಿ ‘ಯಾರು ಕುಡಿಯಲ್ಲ ಇವತ್ತು?’ ಎಂಬ ಪ್ರಶ್ನೆ ಗ್ಲಾಸು ಬರುವುದಕ್ಕೂ ಮುಂಚೆ ಏಳುವುದು ಈ ಹೆದರಿಕೆಯಿಂದಲೇ. ‘ಜ್ಯೂಸ್ ಪಾರ್ಟಿ’ ಎಂದು ಗೇಲಿಗೆ ಗುರಿಯಾಗುತ್ತಿದ್ದವನೇ ಈಗ ಎಲ್ಲರಿಗೂ ಬೇಕಾದವನು. ಹೆದರಿಕೆಯಿಂದ ಬಂದ ಬದಲಾವಣೆ ಎಷ್ಟು ಆಳದ್ದು ಎಂದು ತಿಳಿಯಬೇಕಾದರೆ ಶನಿವಾರ ರಾತ್ರಿ ಹನ್ನೊಂದರ ಮೇಲೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ‘ಎಲ್ಲೆಲ್ಲಿ ಹಿಡೀತಿದಾರೆ?’ ಎಂಬ ಸಂದೇಶ ನೋಡಿದರೆ ಸಾಕು.

ಇನ್ನು ಆ 30 ಎಂದರೆ ಎಷ್ಟು? ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 42.8. ಒಂದು ಮಿ.ಲೀ. ಶುದ್ಧ ಆಲ್ಕೋಹಾಲಿನ ತೂಕ 0.789 ಗ್ರಾಂ. ಹಾಗಾಗಿ 30 ಮಿ.ಲೀ. ಸ್ಮಾಲ್‌ನಲ್ಲಿ 10 ಗ್ರಾಂ, 60 ಮಿ.ಲೀ. ಲಾರ್ಜ್‌ನಲ್ಲಿ 20 ಗ್ರಾಂ, ನೈಂಟಿಯಲ್ಲಿ 30 ಗ್ರಾಂ, 180 ಮಿ.ಲೀ. ಕ್ವಾರ್ಟರ್‌ನಲ್ಲಿ 60 ಗ್ರಾಂ. 70 ಕೆ.ಜಿ. ತೂಕದ ಗಂಡಸಿನ ಮೈಯಲ್ಲಿ ಆಲ್ಕೋಹಾಲ್ ಹರಡಿಕೊಳ್ಳುವ ಭಾಗ ಸುಮಾರು 0.68 ಪಾಲು, ಅಂದರೆ 47–48 ಕೆ.ಜಿ. ಭಾಗಿಸಿ ನೋಡಿ: ಖಾಲಿ ಹೊಟ್ಟೆಯಲ್ಲಿ ಒಂದೇ ಒಂದು ಲಾರ್ಜ್ ಹಾಕಿದರೆ ರಕ್ತದಲ್ಲಿ 43ರ ಆಸುಪಾಸು, ನೈಂಟಿಗೆ 64, ಕ್ವಾರ್ಟರ್‌ಗೆ 128. ಶೇ. 5ರ 330 ಮಿ.ಲೀ. ಪಿಂಟ್ ಬಿಯರ್ 27ಕ್ಕೆ ತಂದು ನಿಲ್ಲಿಸುತ್ತದೆ, ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿ 86ಕ್ಕೆ. 55 ಕೆ.ಜಿ. ತೂಕದ ಹೆಂಗಸಿಗೆ ಅದೇ ಒಂದು ಲಾರ್ಜ್ 67 ತೋರಿಸುತ್ತದೆ. ಊಟದ ಜೊತೆ ಕುಡಿದರೆ ಏರಿಕೆ ನಿಧಾನವಾಗಿ ಶಿಖರ ಸ್ವಲ್ಪ ತಗ್ಗುತ್ತದೆ, ಅಷ್ಟೇ. ‘ಒಂದು ಪೆಗ್‌ಗೆ ಏನೂ ಆಗಲ್ಲ’ ಎನ್ನುವವರು ಸ್ಮಾಲ್ ಹೇಳುತ್ತಾರೋ ಲಾರ್ಜ್ ಹೇಳುತ್ತಾರೋ ಎಂದು ಮೊದಲು ಕೇಳಬೇಕು. ಮನೆಯಲ್ಲಿ ಅಳತೆ ಕಪ್ಪಿಲ್ಲದೆ ಸುರಿಯುವ ‘ಒಂದು’ ಬಹಳ ಸಲ 80–90 ಮಿ.ಲೀ. ಇರುತ್ತದೆ.

ಯಂತ್ರಗಳಿಗೆ ಬರೋಣ. ಕೊಳ್ಳುವವರು ಎಡವುವ ಮೊದಲ ಜಾಗ ಅಳತೆಯ ಘಟಕ. ನಮ್ಮ ಕಾನೂನಿನ 30 ಮಿ.ಗ್ರಾಂ. ಎನ್ನುವುದು ಕೆಲವು ಯಂತ್ರಗಳ ಪರದೆಯಲ್ಲಿ 0.030 ಎಂದು, ಕೆಲವದರಲ್ಲಿ 0.30 ಎಂದು, ಇನ್ನು ಕೆಲವದರಲ್ಲಿ 0.14 ಎಂದು ಬರುತ್ತದೆ. ಮೊದಲನೆಯದು ಶೇಕಡಾವಾರು ರಕ್ತದ ಲೆಕ್ಕ, ಎರಡನೆಯದು ಸಾವಿರಕ್ಕೆ ಇಷ್ಟು ಎಂಬ ಯುರೋಪಿನ ಲೆಕ್ಕ, ಮೂರನೆಯದು ಒಂದು ಲೀಟರ್ ಉಸಿರಿನಲ್ಲಿ ಎಷ್ಟು ಮಿ.ಗ್ರಾಂ. ಎಂಬ ಲೆಕ್ಕ. ರಕ್ತಕ್ಕೂ ಉಸಿರಿಗೂ 2100ಕ್ಕೆ 1ರ ಅನುಪಾತ ಹಿಡಿಯುವುದರಿಂದ ಈ ಮೂರೂ ಒಂದೇ. ಗೊತ್ತಿಲ್ಲದವರು 0.14 ನೋಡಿ ಎದೆ ಒಡೆದುಕೊಳ್ಳುತ್ತಾರೆ, ಉಸಿರಿನ ಲೆಕ್ಕದ 0.25 ನೋಡಿದವರು ‘ಪಾಯಿಂಟ್ ಮೂರರೊಳಗಿದೆ’ ಎಂದು ನಿಶ್ಚಿಂತರಾಗುತ್ತಾರೆ. ಆ 0.25 ನಮ್ಮ ಲೆಕ್ಕದಲ್ಲಿ 52. ಡಬ್ಬಿ ಬಿಚ್ಚಿದ ಕೂಡಲೇ ಮಾಡಬೇಕಾದ ಕೆಲಸ ಸೆಟ್ಟಿಂಗ್‌ಗೆ ಹೋಗಿ ಘಟಕ ಯಾವುದಿದೆ ಎಂದು ನೋಡುವುದು.

ಎರಡನೇ ಜಾಗ ಬಣ್ಣ. ಹೊರದೇಶಕ್ಕೆಂದು ಮಾಡಿದ ಬಹಳಷ್ಟು ಯಂತ್ರಗಳು 0.05ರವರೆಗೆ ಹಸಿರು ದೀಪ, ಆಮೇಲೆ ಹಳದಿ, 0.08 ದಾಟಿದ ಮೇಲೆ ಕೆಂಪು ತೋರಿಸುವಂತೆ ಕಾರ್ಖಾನೆಯಿಂದಲೇ ಬರುತ್ತವೆ. ಯುರೋಪಿನ ಹಲವು ದೇಶಗಳ ಮಿತಿ 0.05, ಇಂಗ್ಲೆಂಡಿನದು 1967ರಿಂದಲೂ 0.08. ನಮ್ಮ ಮಿತಿ 0.03. ಆದ್ದರಿಂದ ಹಸಿರು ದೀಪ ಉರಿಯುತ್ತಿರುವಾಗಲೇ ನಮ್ಮ ಕಾನೂನಿನ ಪ್ರಕಾರ ನೀವು ಮಿತಿ ದಾಟಿರಬಹುದು. ಎಚ್ಚರಿಕೆಯ ಮಟ್ಟ ಬದಲಿಸಲು ಬರದ ಯಂತ್ರ ಎಷ್ಟೇ ಅಗ್ಗವಾಗಿದ್ದರೂ ಬೇಡ. ಅಂಕಿಯೇ ಇಲ್ಲದೆ ಬರೀ ಬಣ್ಣ ತೋರಿಸುವುದಂತೂ ಮಕ್ಕಳಾಟಿಕೆಯ ಸಾಮಾನು.

ಸಾವಿರ, ಸಾವಿರದೈನೂರರ ಒಳಗೆ ಸಿಗುವವು ಬಹುಪಾಲು ಸೆಮಿಕಂಡಕ್ಟರ್ ಸೆನ್ಸರಿನವು. ಒಳಗೆ ಟಿನ್ ಆಕ್ಸೈಡ್ ಲೇಪಿಸಿದ ಸಣ್ಣ ಗುಂಡಿ, ಅದನ್ನು ಬಿಸಿ ಮಾಡುವ ತಂತಿ. ಆಲ್ಕೋಹಾಲ್ ತಾಗಿದಾಗ ಅದರ ವಿದ್ಯುತ್ ರೋಧ ಇಳಿಯುತ್ತದೆ, ಆ ಇಳಿಕೆಯನ್ನೇ ಅಂಕಿ ಮಾಡಿ ತೋರಿಸುತ್ತದೆ. ತೊಂದರೆ ಏನೆಂದರೆ ಅದಕ್ಕೆ ಆಲ್ಕೋಹಾಲೊಂದೇ ತಾಗುವುದಿಲ್ಲ. ಸಿಗರೇಟಿನ ಹೊಗೆ, ಸೆಂಟು, ಅಡುಗೆ ಗ್ಯಾಸು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಉಸಿರಿನಲ್ಲಿ ಬರುವ ಅಸಿಟೋನ್, ಎಲ್ಲಕ್ಕೂ ಅದು ತಲೆಯಾಡಿಸುತ್ತದೆ. ಅನ್ನ, ರೊಟ್ಟಿ ಬಿಟ್ಟು ಕೀಟೋ ಡಯಟ್ ಮಾಡುವವರ ಉಸಿರಿನಲ್ಲೂ ಅಸಿಟೋನ್ ಇರುವುದರಿಂದ ಕುಡಿಯದವರಿಗೂ 0.02 ಬರುವುದುಂಟು. ಕೆಲವು ತಿಂಗಳು ಡ್ರಾಯರಿನಲ್ಲಿ ಬಿದ್ದಿದ್ದರೆ ಸೆನ್ಸರ್ ಜಾರುತ್ತದೆ, ಮೊದಲೆರಡು ಊದು ಸುಳ್ಳು ಅಂಕಿ ಕೊಡುತ್ತವೆ. ಇಂಥದ್ದನ್ನು ‘ಇದೆ, ಇಲ್ಲ’ ಎಂದು ತಿಳಿಯಲು ಬಳಸಬಹುದು. ಎಷ್ಟಿದೆ ಎಂದು ಕೇಳಬಾರದು.

ಫ್ಯೂಯೆಲ್ ಸೆಲ್ ಯಂತ್ರದ ಕಥೆ ಬೇರೆ. ಎರಡು ಪ್ಲಾಟಿನಂ ಎಲೆಕ್ಟ್ರೋಡುಗಳ ನಡುವೆ ಆಮ್ಲ ಹೀರಿದ ತೆಳು ಪದರ. ಉಸಿರಿನ ಆಲ್ಕೋಹಾಲ್ ಅಲ್ಲಿ ಅಸಿಟಿಕ್ ಆಮ್ಲವಾಗುತ್ತಾ ವಿದ್ಯುತ್ ಹರಿಸುತ್ತದೆ. ಎಷ್ಟು ಆಲ್ಕೋಹಾಲೋ ಅಷ್ಟು ವಿದ್ಯುತ್. ಅಸಿಟೋನ್‌ಗೆ ಇದು ಸೊಪ್ಪು ಹಾಕುವುದಿಲ್ಲ. ಪೊಲೀಸರು ಬಳಸುವುದೂ ಇದೇ ತಂತ್ರದ್ದು. ವೈಯಕ್ತಿಕ ಬಳಕೆಗೆ ಬರುವವುಗಳಲ್ಲಿ ಬ್ಯಾಕ್‌ಟ್ರ್ಯಾಕ್ ಎಸ್80, ಡ್ರೇಗರ್ ಆಲ್ಕೋಟೆಸ್ಟ್ 3820 ಈ ಜಾತಿಯವು. ಎರಡಕ್ಕೂ ಬದಲಾಯಿಸುವ ಮೌತ್‌ಪೀಸ್ ಇದೆ. ಬ್ಯಾಕ್‌ಟ್ರ್ಯಾಕ್ 0.000ದಿಂದ 0.400ರವರೆಗೆ ಮೂರು ದಶಮಾಂಶಗಳಲ್ಲಿ ಅಂಕಿ ಕೊಡುತ್ತದೆ, ಓಡುವುದು ಎರಡು ಎಎ ಸೆಲ್ಲಿನಿಂದ. ರಾತ್ರಿ ಹತ್ತರ ಮೇಲೆ ಸೆಲ್ ಮುಗಿದರೂ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಚಾರ್ಜಿಂಗ್ ಯಂತ್ರಗಳಿಗಿಲ್ಲದ ಅನುಕೂಲ. ಬೆಲೆ ಸೆಮಿಕಂಡಕ್ಟರಿನ ಹಲವು ಪಟ್ಟು. ಮನೆಯಲ್ಲಿ ಒಬ್ಬರೇ ತಿಂಗಳಿಗೊಮ್ಮೆ ಊದುವುದಾದರೆ ಆ ದುಡ್ಡಿಗೆ ಎಷ್ಟೋ ಸಲ ಡ್ರೈವರ್ ಬರುತ್ತಾನೆ. ನಾಲ್ಕೈದು ಗಾಡಿ ಇಟ್ಟುಕೊಂಡು ಬೆಳಗಿನ ಜಾವ ಡ್ರೈವರುಗಳನ್ನು ಕಳಿಸುವ ಟ್ರಾವೆಲ್ಸ್‌ನವರಿಗೆ, ಶಾಲೆ ವ್ಯಾನಿನ ಮಾಲೀಕರಿಗೆ ಇದು ಖರ್ಚೇ ಅಲ್ಲ.

ಒಳ್ಳೆಯ ಯಂತ್ರವೂ ಕೆಡುತ್ತದೆ. ಸೆನ್ಸರ್ ಕಾಲಕ್ರಮೇಣ ಮಂದವಾಗುವುದರಿಂದ 6ರಿಂದ 12 ತಿಂಗಳಿಗೊಮ್ಮೆ ಕ್ಯಾಲಿಬ್ರೇಷನ್ ಮಾಡಿಸಬೇಕು. ಅಂದರೆ ಇಷ್ಟೇ ಆಲ್ಕೋಹಾಲ್ ಇದೆ ಎಂದು ಮೊದಲೇ ಗೊತ್ತಿರುವ ಅನಿಲವನ್ನು, ಇಲ್ಲವೇ 34 ಡಿಗ್ರಿ ಬಿಸಿಯ ದ್ರಾವಣದಿಂದ ಬರುವ ಆವಿಯನ್ನು ಅದಕ್ಕೆ ಊದಿಸಿ ಅಂಕಿ ಸರಿಪಡಿಸುವುದು. ಕೊಳ್ಳುವ ಮುಂಚೆ ಮಾರುವವರನ್ನು ಕೇಳಿ: ಕ್ಯಾಲಿಬ್ರೇಷನ್ ಇಲ್ಲೇ ಮಾಡುತ್ತೀರಾ, ಹೊರಗೆ ಕಳಿಸುತ್ತೀರಾ? ಎಷ್ಟು ದಿನ? ಪ್ರಮಾಣಪತ್ರದಲ್ಲಿ ಸರಿಪಡಿಸುವ ಮುಂಚಿನ ಅಂಕಿಯನ್ನೂ ಬರೆಯುತ್ತೀರಾ? ಕೊನೆಯ ಪ್ರಶ್ನೆಗೆ ತಬ್ಬಿಬ್ಬಾದರೆ ಬೇರೆ ಅಂಗಡಿ ನೋಡಿ. ಮುಂಚಿನ ಅಂಕಿ ಗೊತ್ತಿಲ್ಲದಿದ್ದರೆ ಯಂತ್ರ ಹೋದ ಆರು ತಿಂಗಳು ನಿಜ ಹೇಳಿತ್ತೋ ಸುಳ್ಳು ಹೇಳಿತ್ತೋ ತಿಳಿಯುವ ದಾರಿಯೇ ಇಲ್ಲ. ಮೌತ್‌ಪೀಸ್ ಬಿಡಿಯಾಗಿ ಸಿಗುತ್ತದೆಯೇ, ಎಷ್ಟಕ್ಕೆ ಎಂದೂ ಆಗಲೇ ಕೇಳಿಕೊಳ್ಳಿ.

ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಫ್ಯೂಯೆಲ್ ಸೆಲ್ಲಿನ ತೇವ ಆರುತ್ತದೆ. ಚಳಿಗಾಲದ ಬೆಳಗ್ಗೆ ಚಿಕ್ಕಮಗಳೂರು, ಮಡಿಕೇರಿ ಕಡೆ ಯಂತ್ರ ಐಸಿನಂತಿದ್ದರೆ ಊದಿದ ಆವಿ ಒಳಗೇ ನೀರಾಗಿ ಅಂಕಿ ಕಡಿಮೆ ಬರಬಹುದು. ಹತ್ತು ನಿಮಿಷ ಜೇಬಿನಲ್ಲಿಟ್ಟುಕೊಂಡು ಆಮೇಲೆ ಊದಿ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಯಂತ್ರ ಹಿಡಿದರೆ ಅದೇ ಆಲ್ಕೋಹಾಲ್, ಮೌತ್‌ಪೀಸಿನ ಹತ್ತಿರವೇ ಇರುತ್ತದೆ. ಎಸಿ ಹಾಕಿ ಕಿಟಕಿ ಮುಚ್ಚಿದ ಕಾರಿನಲ್ಲಿ ನಾಲ್ವರು ಕುಡಿದವರು ಕೂತಿದ್ದರೆ ಗಾಳಿಯೇ ಯಂತ್ರವನ್ನು ಕೆಣಕುತ್ತದೆ. ಹೊರಗೆ ಬಂದು ಊದಬೇಕು.

ಊದುವುದಕ್ಕೂ ಒಂದು ಕ್ರಮವಿದೆ. ಕೊನೆಯ ಗುಟುಕು, ಬಾಯಿ ಮುಕ್ಕಳಿಸುವ ಮೌತ್‌ವಾಶ್, ಕೆಮ್ಮಿನ ಸಿರಪ್, ಹೋಮಿಯೋಪತಿ ಹನಿ ಯಾವುದೇ ಇರಲಿ, ಅದಾಗಿ 15 ನಿಮಿಷ ಕಳೆಯಬೇಕು. ಅದಕ್ಕೂ ಮುಂಚೆ ಊದಿದರೆ ಬಾಯಿಯ ಗೋಡೆಗಳಲ್ಲಿ ಉಳಿದ ಆಲ್ಕೋಹಾಲನ್ನೇ ಯಂತ್ರ ಶ್ವಾಸಕೋಶದ್ದೆಂದು ಓದುತ್ತದೆ. ತೇಗು ಬಂದರೆ ಮತ್ತೆ 15 ನಿಮಿಷ. ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿಯಿರಿ. ಮಾಮೂಲಿ ಉಸಿರು ಎಳೆದು ಒಂದೇ ಸಮನೆ ಐದಾರು ಸೆಕೆಂಡ್ ಊದಿ, ಬೀಪ್ ನಿಲ್ಲುವವರೆಗೆ ಬಿಡಬೇಡಿ. ಶ್ವಾಸಕೋಶದ ತಳದ ಗಾಳಿ ಬರುವುದು ಊದಿನ ಕೊನೆಯಲ್ಲಿ. ಅರ್ಧಕ್ಕೆ ನಿಲ್ಲಿಸಿದರೆ ಅಂಕಿ ಕಡಿಮೆ ಬರುತ್ತದೆ, ಉಸಿರು ಬಿಗಿಹಿಡಿದು ಊದಿದರೆ ಹೆಚ್ಚು ಬರುತ್ತದೆ, ಓಡಿಬಂದು ಏದುಸಿರಿನಲ್ಲಿ ಊದಿದರೆ ಮತ್ತೆ ಕಡಿಮೆ. ಮೂರು ನಿಮಿಷ ಬಿಟ್ಟು ಇನ್ನೊಮ್ಮೆ ಊದಿ. ಎರಡರ ನಡುವೆ 0.010ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಎರಡನ್ನೂ ನಂಬಬೇಡಿ. ಹೊಸ ಯಂತ್ರವನ್ನು ಪರೀಕ್ಷಿಸಲು ಸುಲಭದ ದಾರಿ ಎಂದರೆ ಮನೆಯಲ್ಲಿ ಕುಡಿಯದವರಿಂದ ಮೂರು ಸಲ ಊದಿಸುವುದು. ಮೂರೂ ಸಲ 0.000 ಬರಬೇಕು. 2025ರ ಜುಲೈನಲ್ಲಿ ಕೇರಳದ ಪಂದಳಂ ಸಾರಿಗೆ ಡಿಪೋದಲ್ಲಿ ಹಲಸಿನ ಹಣ್ಣು ತಿಂದ ಡ್ರೈವರುಗಳು ಊದು ಪರೀಕ್ಷೆಯಲ್ಲಿ ಸಿಕ್ಕಿಕೊಂಡದ್ದು ಸುದ್ದಿಯಾಗಿತ್ತು. ತೀರಾ ಕಳಿತ ಹಣ್ಣಿನ ಸಕ್ಕರೆ ಹುಳಿಬಂದಾಗ ಬಾಯಲ್ಲಿ ನಿಜಕ್ಕೂ ಆಲ್ಕೋಹಾಲ್ ಇರುತ್ತದೆ, ಯಂತ್ರದ ತಪ್ಪಲ್ಲ. ಅಲ್ಲೂ ಪರಿಹಾರ ಅದೇ: ಬಾಯಿ ತೊಳೆದು ಕಾಲು ಗಂಟೆ ಕಾಯುವುದು.

ಇನ್ನೊಂದು ಕಡೆಯಿಂದ ಯಂತ್ರವನ್ನು ಏಮಾರಿಸುವ ಪ್ರಯತ್ನಗಳಿಗೆ ಲೆಕ್ಕವಿಲ್ಲ. ಏಲಕ್ಕಿ, ಮೀಠಾ ಪಾನ್, ನಿಂಬೆಹಣ್ಣು, ಮಜ್ಜಿಗೆ, ಕಡು ಕಾಫಿ. ವಾಸನೆ ಮುಚ್ಚಬಹುದು. ಅಂಕಿ ಬರುವುದು ರಕ್ತದಿಂದ ಶ್ವಾಸಕೋಶಕ್ಕೆ ಬಂದ ಗಾಳಿಯಿಂದಾದ್ದರಿಂದ ಒಂದು ಪಾಯಿಂಟೂ ಇಳಿಯುವುದಿಲ್ಲ. ಲಿವರ್ 100 ಮಿ.ಲೀ. ರಕ್ತದಿಂದ ಗಂಟೆಗೆ ಸುಮಾರು 15 ಮಿ.ಗ್ರಾಂ. ಮಾತ್ರ ಕರಗಿಸುತ್ತದೆ, ತಣ್ಣೀರು ಸ್ನಾನ ಮಾಡಿದರೂ ಅಷ್ಟೇ, ವಾಂತಿ ಮಾಡಿದರೂ ಅಷ್ಟೇ.

ಈಗ ರಾತ್ರಿ ಯಂತ್ರವನ್ನು ಯಾಕೆ ನಂಬಬಾರದು ಎಂಬ ಮಾತು. ಕುಡಿದದ್ದು ರಕ್ತದಲ್ಲಿ ಶಿಖರ ಮುಟ್ಟುವುದಕ್ಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು, ಹೊಟ್ಟೆ ತುಂಬಾ ಬಿರಿಯಾನಿ ಇದ್ದರೆ ಇನ್ನೂ ತಡ. ಬಿಲ್ ಕೊಟ್ಟು, ‘ಕಡೇ ರೌಂಡ್’ ಎಂದು ಇನ್ನೊಂದು ಹಾಕಿ, ಹದಿನೈದು ನಿಮಿಷ ಕಾದು ಪಾರ್ಕಿಂಗಿನಲ್ಲಿ ಊದಿದರೆ 0.022 ಬರುತ್ತದೆ. ಮಿತಿಯೊಳಗೆ! ಗಾಡಿ ಹೊರಟು ಮೂವತ್ತು ನಿಮಿಷಕ್ಕೆ ಅದೇ ಮನುಷ್ಯ 0.045. ಯಂತ್ರ ಸುಳ್ಳು ಹೇಳಿಲ್ಲ, ಊದಿದ ಕ್ಷಣದ ನಿಜವನ್ನೇ ಹೇಳಿದೆ. ರಸ್ತೆಯಲ್ಲಿರುವ ಹೊತ್ತಿಗೆ ಅದು ಹಳೆಯ ಸುದ್ದಿ. ಮೇಲಾಗಿ ಒಳ್ಳೆಯ ಯಂತ್ರಗಳಲ್ಲೂ 0.005ರಷ್ಟು ಆಚೀಚೆ ಇದ್ದೇ ಇರುತ್ತದೆ, 0.027 ಎಂಬುದು 0.032 ಆಗಿರಬಹುದು. ನಿಮ್ಮ ಯಂತ್ರದ ಅಂಕಿ ತೋರಿಸಿ ಪೊಲೀಸರ ಹತ್ತಿರ ವಾದಿಸಲು ಬರುವುದಿಲ್ಲ, ಅದಕ್ಕೆ ಸಾಕ್ಷ್ಯದ ಬೆಲೆಯಿಲ್ಲ. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು ಎಂದು 202ನೇ ಕಲಂ ಹೇಳುತ್ತದೆ. ಪೊಲೀಸರ ಅಂಕಿ ತಪ್ಪೆನಿಸಿದವರು ಹಿಡಿಯಬೇಕಾದ ದಾರಿ ಆ ಪರೀಕ್ಷೆಯೇ. ಕೆಲವು ಪಬ್‌ಗಳ ಬಾಗಿಲಲ್ಲಿ ಗೋಡೆಗೆ ತಗುಲಿಸಿದ ಊದು ಯಂತ್ರಗಳಿರುತ್ತವೆ. ಕೊನೆಯ ಗುಟುಕಿನ ಬಾಯಲ್ಲೇ ಎಲ್ಲರೂ ಊದುವ, ಕ್ಯಾಲಿಬ್ರೇಷನ್ ತಾರೀಕಿನ ಚೀಟಿಯೂ ಇಲ್ಲದ ಅವು ಆಟಕ್ಕೆ ಸರಿ. ಅಲ್ಲಿ ಯಾರ ಅಂಕಿ ಹೆಚ್ಚು ಎಂದು ಪಂದ್ಯ ಕಟ್ಟುವುದೇ ಹೆಚ್ಚು.

ಬೆಳಗ್ಗೆ ಹಾಗಲ್ಲ. ಬಾಯಿ ಶುದ್ಧ, ರಕ್ತದಲ್ಲಿ ಆಲ್ಕೋಹಾಲ್ ಇಳಿಮುಖ, ಈಗಿನ ಅಂಕಿಗಿಂತ ಮುಂದಿನದು ಕಡಿಮೆಯೇ. ಯಂತ್ರದ ಮಾತಿಗೆ ತೂಕವಿರುವುದು ಇಲ್ಲಿ. 70 ಕೆ.ಜಿ. ಮನುಷ್ಯ ರಾತ್ರಿ ಎಂಟರಿಂದ ಹನ್ನೊಂದೂವರೆವರೆಗೆ ನಾಲ್ಕು ಲಾರ್ಜ್ ಹಾಕಿದ ಎನ್ನಿ. ಒಟ್ಟು 81 ಗ್ರಾಂ, ಲೆಕ್ಕಕ್ಕೆ 170 ಮಿ.ಗ್ರಾಂ. ಗಂಟೆಗೆ 15ರಂತೆ ಹತ್ತು ಗಂಟೆ ಕರಗಿದರೆ ಬೆಳಗ್ಗೆ ಆರಕ್ಕೆ 20 ಉಳಿಯುತ್ತದೆ. ಗಂಟೆಗೆ 10ರಂತೆ ಕರಗಿಸುವ ದೇಹದಲ್ಲಿ ಅದೇ ಆರಕ್ಕೆ 70, ಅಂದರೆ ಮಿತಿಯ ಎರಡು ಪಟ್ಟಿಗೂ ಮೇಲೆ. ಇಬ್ಬರೂ ಮುಖ ತೊಳೆದು, ಇಡ್ಲಿ ತಿಂದು, ‘ಇಳಿದಿದೆ’ ಎಂದುಕೊಂಡು ಚಾವಿ ತೆಗೆದುಕೊಳ್ಳುತ್ತಾರೆ. ಯಾರು ಯಾವ ದೇಹದವರು ಎಂದು ತಿಳಿಯಲು ಊದುವುದೊಂದೇ ದಾರಿ. ಬೆಂಗಳೂರು ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳ ಚಾಲಕರನ್ನು ನಿಲ್ಲಿಸಿ ಊದಿಸಿದಾಗಲೂ ಕುಡಿದವರು ಸಿಕ್ಕಿದ್ದಾರೆ. ರಾತ್ರಿ ಕುಡಿದು ಓಡಿಸುವುದು ತಪ್ಪು ಎಂದು ಒಪ್ಪುವವರೂ ಬೆಳಗಿನದನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿದ್ದೆ ಮಾಡಿದರೆ ಎಲ್ಲ ಚೊಕ್ಕವಾಯಿತು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಬೆಳಗ್ಗೆ ಏನೇ ಅಂಕಿ ಬಂದರೂ 0.000 ಆಗುವವರೆಗೆ ಕಾಯುವುದು ಸರಿಯಾದ ಬಳಕೆ. 0.015 ಬಂದರೆ ಇನ್ನೊಂದು ಗಂಟೆ, ಒಂದೂವರೆ ಗಂಟೆ ಎಂದು ಅಂದಾಜು ಸಿಗುತ್ತದಲ್ಲ, ಕೊಟ್ಟ ದುಡ್ಡಿಗೆ ಅದೇ ಲಾಭ.

ಡ್ರೈವರ್ ಸೇವೆಗೆ ಬರೋಣ. ಬೆಂಗಳೂರಿನಲ್ಲಿ ಬಾರುಗಳಿಗೆ ರಾತ್ರಿ 1ರವರೆಗೆ ಅನುಮತಿ, ಮೆಟ್ರೋ ಸಾಮಾನ್ಯ ದಿನಗಳಲ್ಲಿ ಹನ್ನೊಂದರ ಆಸುಪಾಸಿಗೇ ಮುಗಿಯುತ್ತದೆ. ಈ ಎರಡು ಗಂಟೆಯ ಕಂದಕದಲ್ಲೇ ಈ ವ್ಯಾಪಾರ ನಿಂತಿದೆ. ಗಂಟೆಯ ಲೆಕ್ಕ, ಕನಿಷ್ಠ ಇಷ್ಟು ಗಂಟೆ ಎಂಬ ಷರತ್ತು, ರಾತ್ರಿ ಭತ್ಯೆ, ಮನೆ ಊರಾಚೆ ಇದ್ದರೆ ಡ್ರೈವರ್ ವಾಪಸ್ ಹೋಗುವ ಖರ್ಚು, ಕಾಯಿಸಿದರೆ ನಿಮಿಷಕ್ಕಿಷ್ಟು: ಬಿಲ್ಲಿನಲ್ಲಿ ಇರುವುದು ಇವು. ಎಲ್ಲ ಸೇರಿದರೂ ಹತ್ತು ಸಾವಿರದ ಸಣ್ಣ ಪಾಲು. ಸೇವೆ ಕೈಕೊಡುವುದು ಬೇಡಿಕೆಯ ಹೊತ್ತಲ್ಲೇ. ಶುಕ್ರವಾರ, ಶನಿವಾರ ರಾತ್ರಿ ಹನ್ನೊಂದರ ಮೇಲೆ ಬುಕ್ ಮಾಡಿದರೆ ಡ್ರೈವರ್ ಸಿಕ್ಕಿದಂತೆ ಆಗಿ ಕ್ಯಾನ್ಸಲ್ ಆಗುತ್ತದೆ, ಡಿಸೆಂಬರ್ 31ರ ಮಾತು ಬಿಡಿ. ಹೊರಡುವ ಮುಂಚೆಯೇ, ಸಂಜೆ ಏಳೆಂಟಕ್ಕೆ, ಹನ್ನೊಂದೂವರೆ ಎಂದು ಸಮಯ ಹಾಕಿ ಬುಕ್ ಮಾಡುವುದೇ ಇದರ ಗುಟ್ಟು. ಮೂರನೇ ಪೆಗ್ ಆದ ಮೇಲೆ ಫೋನ್ ಹಿಡಿದವರು ‘ಅಯ್ಯೋ ಬಿಡು, ಹತ್ತಿರ ಅಲ್ವಾ’ ಎನ್ನುವ ಸಾಧ್ಯತೆ ಜಾಸ್ತಿ. ಕುಡಿತ ಮೊದಲು ಕೆಡಿಸುವುದು ‘ನಾನು ಎಷ್ಟು ಕುಡಿದಿದ್ದೇನೆ’ ಎಂಬ ಅಂದಾಜನ್ನೇ.

ಡ್ರೈವರ್ ಬಂದಾಗ ಮಾಡಬೇಕಾದ್ದು ಐದು ನಿಮಿಷದ ಕೆಲಸ. ಆ್ಯಪ್‌ನಲ್ಲಿರುವ ಫೋಟೋ, ಡಿಎಲ್ ಹೊಂದಿಕೆಯಾಗುತ್ತದೆಯೇ ನೋಡಿ. ಬಾರಿನ ವ್ಯಾಲೆಟ್ ಹುಡುಗ ‘ಡ್ರೈವರ್ ಬೇಕಾ ಸಾರ್, ನಮ್ಮ ಹುಡುಗ ಇದಾನೆ’ ಎಂದು ಕರೆತಂದವನಾದರೆ ಇದನ್ನು ಬಿಡಲೇಬೇಡಿ. ಡಿಎಲ್ ಇಲ್ಲದವನ ಕೈಗೆ ಕಾರು ಕೊಟ್ಟರೆ 180ನೇ ಕಲಮಿನಲ್ಲಿ ಮಾಲೀಕನೂ ತಪ್ಪಿತಸ್ಥ. ಕಾರಿನ ನಾಲ್ಕೂ ಬದಿ, ಓಡೋಮೀಟರ್, ಇಂಧನದ ಮುಳ್ಳು, ಮೂರರ ಫೋಟೋ ತೆಗೆಯಿರಿ. ಆಟೋಮ್ಯಾಟಿಕ್, ಎಲೆಕ್ಟ್ರಿಕ್ ಗಾಡಿಯಾದರೆ ಬುಕ್ ಮಾಡುವಾಗಲೇ ಹೇಳಿ. ಕ್ಲಚ್ ಹುಡುಕುವ ಎಡಗಾಲು ಬ್ರೇಕ್ ಮೇಲೆ ಬಿದ್ದರೆ ನೆಲಮಾಳಿಗೆಯ ಇಳಿಜಾರಿನಲ್ಲೇ ಬಂಪರ್ ಹೋಗುತ್ತದೆ. ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲವಾದ್ದರಿಂದ ಓಟಿಪಿಯನ್ನು ಮೇಲೆಯೇ ಕೊಟ್ಟು ಇಳಿಯಿರಿ. ಮನೆ ವಿಳಾಸವನ್ನು ಅರೆ ನಿದ್ದೆಯಲ್ಲಿ ಹೇಳುವ ಬದಲು ಲೊಕೇಷನ್ ಮೊದಲೇ ಹಾಕಿ, ಮನೆಯವರಿಗೂ ಕಳಿಸಿ. ಮುಂದಿನ ಬುಕಿಂಗ್ ಹಿಡಿಯುವ ಆತುರದಲ್ಲಿ ಓಡಿಸುವವರಿದ್ದಾರೆ. ಹೊರಡುವಾಗಲೇ ‘ನಿಧಾನಕ್ಕೆ ಹೋಗಪ್ಪ, ಕಾಯುವ ದುಡ್ಡು ಕೊಡ್ತೀನಿ’ ಎಂದರೆ ಕೇಳುತ್ತಾರೆ. ಡ್ರೈವರೂ ಕುಡಿದು ಬಂದಿದ್ದಾನೆಯೇ? ಗ್ಲೋವ್ ಬಾಕ್ಸಿನ ಯಂತ್ರಕ್ಕೆ ರಾತ್ರಿ ಹೊತ್ತು ಒಂದು ಉಪಯೋಗ ಇಲ್ಲಿದೆ. ಹೊಸ ಮೌತ್‌ಪೀಸ್ ಹಾಕಿ, ಮರ್ಯಾದೆಯಿಂದ ‘ಒಂದ್ಸಲ ಊದ್ಬಿಡಿ’ ಎಂದರೆ ವೃತ್ತಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ವಿಮೆಯನ್ನೂ ನೋಡಬೇಕು. ಕುಡಿದು ಓಡಿಸಿದಾಗ ಆದ ಅಪಘಾತದಲ್ಲಿ ನಿಮ್ಮ ಗಾಡಿಯ ನಷ್ಟವನ್ನು ಕಂಪನಿ ಕೊಡುವುದಿಲ್ಲ. ಉಸಿರು, ರಕ್ತ ಯಾವ ಪರೀಕ್ಷೆಯೂ ಆಗದಿದ್ದರೂ ಬೇರೆ ಸಾಕ್ಷ್ಯಗಳಿಂದ ಕುಡಿತದ ಅಮಲನ್ನು ತೋರಿಸಿ ಕಂಪನಿ ಕ್ಲೇಮು ತಳ್ಳಿಹಾಕಬಹುದು ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ, ದೆಹಲಿಯ ಒಂದು ಪೋರ್ಷೆ ಕಾರಿನ ಪ್ರಕರಣದಲ್ಲಿ ಹೇಳಿತು. ಹಾಗಾಗಿ ‘ಟೆಸ್ಟ್ ಆಗದಂತೆ ನೋಡಿಕೊಂಡರೆ ಆಯಿತು’ ಎಂಬ ಹಳೆಯ ಸಲಹೆಗೆ ಈಗ ಕಾಸಿನ ಬೆಲೆಯಿಲ್ಲ. ಕರೆಸಿದ ಡ್ರೈವರ್ ಓಡಿಸುವಾಗ ಅವನಿಗೆ ಸರಿಯಾದ ಡಿಎಲ್ ಇದ್ದರೆ ಪಾಲಿಸಿ ನಡೆಯುತ್ತದೆ. ಪಾಲಿಸಿಯಲ್ಲಿ ಐಎಂಟಿ 28 ಎಂಬ ಸಾಲು, ಅಂದರೆ ಸಂಬಳದ ಡ್ರೈವರಿನ ಹೊಣೆ, 50 ರೂಪಾಯಿಯದ್ದು, ಇದೆಯೇ ನೋಡಿಕೊಳ್ಳಿ. ದಿನಕ್ಕೊಬ್ಬರಂತೆ ಬರುವ ಡ್ರೈವರಿಗೂ ಅದು ಅನ್ವಯಿಸುತ್ತದೆಯೇ ಎಂದು ಏಜೆಂಟರಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಕಲಂ 188. ಕುಡಿದು ಓಡಿಸುವ 185ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ‘ಏನಾಗಲ್ಲ ತಗೊಳೋ’ ಎಂದು ಚಾವಿ ಕೊಟ್ಟು ಕಳಿಸುವ ಗೆಳೆಯನಿಗೂ ಇದು ಸುತ್ತಿಕೊಳ್ಳಬಹುದು. ನಗರದಲ್ಲಿ ಆಫೀಸ್ ಪಾರ್ಟಿಗಳಿಗೆ ಕಂಪನಿಗಳೇ ಕ್ಯಾಬ್ ಮಾಡುವ ರೂಢಿ ಬಂದಿದೆ. ಮಂಡ್ಯ, ಹಾಸನ, ತುಮಕೂರಿನ ಕಡೆ ಬೀಗರೂಟದಲ್ಲಿ ಚಪ್ಪರದ ಹಿಂದೆ ಕುಡಿದು ಇಪ್ಪತ್ತು ಕಿಲೋಮೀಟರ್ ಬೈಕಿನಲ್ಲಿ ಹೊರಡುವ ನೆಂಟರಿಗೆ ಈಗಲೂ ಸಿಗುವ ಸಲಹೆ ‘ಮೆಲ್ಲಗೆ ಹೋಗು ಮಾವ’ ಎಂಬುದೇ. ಅಲ್ಲಿ ಡ್ರೈವರ್ ಆ್ಯಪ್ ಇಲ್ಲ, ಊದಿಸುವ ಪೊಲೀಸರೂ ಅಪರೂಪ. ಊಟ ಹಾಕಿಸುವವರು ಆಗಲೇ ಶಾಮಿಯಾನ, ಪಾತ್ರೆ, ಬಾಣಸಿಗರಿಗೆ ಮುಂಗಡ ಕೊಟ್ಟಿರುತ್ತಾರೆ. ಅದೇ ಪಟ್ಟಿಗೆ ಒಂದು ಟಿಟಿ (ಟೆಂಪೋ ಟ್ರಾವೆಲರ್) ಸೇರಿಸಿ ಸಂಜೆ ನಾಲ್ಕರಿಂದ ಎರಡು ಟ್ರಿಪ್ ಹೊಡೆಸಿದರೆ ಸುತ್ತಲಿನ ಊರುಗಳಿಗೆ ಸಾಕಾಗುತ್ತದೆ. ಬೈಕುಗಳನ್ನು ಚಪ್ಪರದ ಹತ್ತಿರದ ಕೊಟ್ಟಿಗೆಯಲ್ಲೋ ಶಾಲೆ ಅಂಗಳದಲ್ಲೋ ನಿಲ್ಲಿಸಿ, ಚಾವಿಗಳಿಗೆ ಹೆಸರಿನ ಚೀಟಿ ಕಟ್ಟಿ ಕುಡಿಯದ ಹಿರಿಯರೊಬ್ಬರ ಹತ್ತಿರ ಇಡುವ ಏರ್ಪಾಡು ಊಟಕ್ಕೆ ಮುಂಚೆಯೇ ಆಗಬೇಕು. ಅಮಲಿನಲ್ಲಿರುವವನ ಕೈಯಿಂದ ಚಾವಿ ಕಿತ್ತುಕೊಳ್ಳಲು ಹೋದರೆ ಜಗಳವೇ.

ಬೆಂಗಳೂರಿನಲ್ಲೂ ದ್ವಿಚಕ್ರದವರಿಗೆ ಈ ಡ್ರೈವರ್ ಸೇವೆ ಇದ್ದೂ ಇಲ್ಲದಂತೆ, ಬಹುಪಾಲು ಕಂಪನಿಗಳು ಕಾರಿಗಷ್ಟೇ ಬರುತ್ತವೆ. ಬೈಕಿನಲ್ಲಿ ಹೋಗುವವರು ಕುಡಿಯುವುದು ಖಚಿತವಾದರೆ ಬಾರಿನ ಮುಂದೆ ನಿಲ್ಲಿಸಬೇಡಿ. ಅದು ಬೆಳಗ್ಗೆ ಏಳಕ್ಕೆ ನೋ ಪಾರ್ಕಿಂಗ್ ಆಗಿರುತ್ತದೆ. ರಾತ್ರಿಯಿಡೀ ಬಿಡಲು ಒಪ್ಪುವ ಪೇ ಅಂಡ್ ಪಾರ್ಕ್ ಮೊದಲೇ ನೋಡಿಕೊಂಡು, ಹ್ಯಾಂಡಲ್ ಲಾಕ್ ಹಾಕಿ, ಹೆಲ್ಮೆಟ್ ಕೈಯಲ್ಲಿ ಹಿಡಿದು, ಚೀಟಿಯ ಫೋಟೋ ತೆಗೆದುಕೊಂಡು ಆಟೋ ಹತ್ತಿ. ಬೈಕ್ ತರಲು ಹೋಗುವ ಮುಂಚೆ ಮನೆಯಲ್ಲೇ ಒಮ್ಮೆ ಊದಿ ನೋಡಿ.